ಕರಾರು ಮುಗಿದ ಮಳಿಗೆಗೆ ಮಾಲೀಕರು ಬೀಗ ಹಾಕಬಹುದೇ?

ಪ್ರಶ್ನೆ: ಕೊಡಗಿನ ಗೋಣಿಕೊಪ್ಪದಲ್ಲಿ ಬಾಡಿಗೆ ಮಳಿಗೆ ಹಿಡಿದು ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು. ಬಾಡಿಗೆ ತಪ್ಪದೆ ಮಾಲೀಕರ ಖಾತೆಗೆ ಹೋಗುತ್ತಿದೆ. ಈಗ "ತಿಂಗಳ ಕೊನೆಗೆ ಖಾಲಿ ಮಾಡದಿದ್ದರೆ ಬೀಗ ಜಡಿಯುತ್ತೇನೆ" ಎನ್ನುತ್ತಿದ್ದಾರೆ. ಜಡಿಯಬಹುದೇ?

ಉತ್ತರ: ಜಡಿಯುವಂತಿಲ್ಲ. ಹಾಗಂತ ಅಂಗಡಿ ಉಳಿಯಿತು ಎಂದು ನಿಶ್ಚಿಂತೆಯಿಂದ ಕೂರಬೇಡಿ.

ಮೊದಲು ಟೇಪು ಹಿಡಿದು ಮಳಿಗೆ ಅಳೆಯಿರಿ. ವ್ಯಾಪಾರದ ಜಾಗಗಳ ಪೈಕಿ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದು 14 ಚದರ ಮೀಟರ್ ಮೀರದವು ಮಾತ್ರ, ಅಂದರೆ ಸುಮಾರು 150 ಚದರ ಅಡಿ. ಒಳಗೆ ಹತ್ತಡಿಗೆ ಹದಿನೈದಡಿ ಇದ್ದರೆ ಗೆರೆಯ ಮೇಲೆ ನಿಂತಂತೆ. ಕಾಯ್ದೆ ನೋಡುವುದು ತಳಪಾಯದ ವಿಸ್ತೀರ್ಣ, ಹಾಗಾಗಿ ಗೋಡೆಯ ದಪ್ಪ ಸೇರಿದ ಕೂಡಲೇ ಗೆರೆ ದಾಟುತ್ತದೆ. ಬಾಡಿಗೆ ತಿಂಗಳಿಗೆ 2,000 ರೂಪಾಯಿ (ದೊಡ್ಡ ನಗರಗಳಲ್ಲಾದರೆ 3,500) ಮೀರಿದ್ದರೆ ಅಳೆಯುವುದೂ ಬೇಡ, ಆ ಕಾಯ್ದೆ ನಿಮಗಿಲ್ಲ.

ಆಗ ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರು ಮುಗಿದ ಮೇಲೂ ಮಾಲೀಕರು ಬಾಡಿಗೆ ಒಪ್ಪಿಕೊಳ್ಳುತ್ತ ಬಂದಿದ್ದರೆ, ಸೆಕ್ಷನ್ 116ರಂತೆ ನೀವು ತಿಂಗಳ ಲೆಕ್ಕದ ಬಾಡಿಗೆದಾರರು. ಬಿಡಿಸಲು ಸೆಕ್ಷನ್ 106ರಂತೆ 15 ದಿನದ ನೋಟಿಸ್ ಬೇಕು, ಅದೂ ಬರಹದಲ್ಲಿ, ಸಹಿಯೊಂದಿಗೆ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೂಗಾಡಿದ್ದು ನೋಟಿಸ್ ಆಗದು. ನೋಟಿಸಿನ ಗಡುವು ಮುಗಿದರೂ ನೀವು ಬಿಡದಿದ್ದರೆ ಅವರು ಕೋರ್ಟಿನಿಂದ ಡಿಕ್ರಿ ತರಬೇಕು. ಆದರೆ ಹಾಗೆ ಉಳಿದ ದಿನಗಳಿಗೆ ಬಾಡಿಗೆಗಿಂತ ಹೆಚ್ಚಿನ ಪರಿಹಾರ ಕಟ್ಟಬೇಕಾಗಿ ಬರಬಹುದು. ಬಾಡಿಗೆಯನ್ನಂತೂ ನಿಲ್ಲಿಸಲೇಬೇಡಿ. ಮಾಲೀಕರು ಬೇಡವೆಂದರೆ ಮನಿಯಾರ್ಡರ್ ಮಾಡಿ, ವಾಪಸು ಬಂದ ಚೀಟಿ ಜೋಪಾನವಾಗಿಡಿ.

ಬೆದರಿಕೆ ಇರುವಾಗಲೇ ತಡೆಯಾಜ್ಞೆ ಕೇಳುವುದು ಒಳ್ಳೆಯದು. ಜೂನ್ ಮಳೆಯಲ್ಲಿ ಮುಚ್ಚಿದ ಶಟರಿನ ಹಿಂದೆ ಬಟ್ಟೆಗೆ ಬೂಷ್ಟು ಹಿಡಿಯಲು ವಾರ ಸಾಕೆಂದು ನಿಮಗೆ ಹೇಳಬೇಕಿಲ್ಲ. ಬೀಗ ಬಿದ್ದೇಬಿಟ್ಟರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರ ಅಡಿ ಆರು ತಿಂಗಳೊಳಗೆ ದಾವೆ ಹೂಡಿ. ಅಲ್ಲಿ ಒಡೆತನದ ಪ್ರಶ್ನೆ ಏಳುವುದಿಲ್ಲ. ಸ್ವಾಧೀನ ಯಾರಿಗಿತ್ತು, ಕಾನೂನು ಬಿಟ್ಟು ಹೊರಹಾಕಿದರೇ ಎಂಬುದಷ್ಟೇ ವಿಚಾರಣೆ.

ನನ್ನನ್ನು ಹೆಚ್ಚು ಕಾಡುವುದು ಹೋಂಸ್ಟೇ ಲೀಸುಗಳು. ಐದು ವರ್ಷಕ್ಕೆಂದು ಬರೀ ಛಾಪಾ ಕಾಗದದಲ್ಲಿ ಬರೆದುಕೊಂಡು, ಹಳೇ ಮನೆಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಒಂದು ವರ್ಷ ಮೀರಿದ ಲೀಸ್ ನೋಂದಣಿಯಾಗದಿದ್ದರೆ ಆ ಐದು ವರ್ಷ ಕೋರ್ಟಿನಲ್ಲಿ ನಿಲ್ಲದು, ಅವರೂ ನಿಮ್ಮಂತೆ 15 ದಿನದ ನೋಟಿಸಿಗೆ ಎದ್ದು ಹೋಗಬೇಕಾದವರೇ.

ಮಾಲೀಕರು ಮಾತಿಗೆ ಬಂದರೆ ಮೂರು ವರ್ಷದ ಹೊಸ ಕರಾರು ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಕಟ್ಟಡ ಜಮ್ಮಾ ಜಾಗದಲ್ಲಿದ್ದರೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ) ಅದಕ್ಕೂ ಮೊದಲು ಆರ್‌ಟಿಸಿ ತೆಗೆಸಿ, ಒಕ್ಕದ, ಅಂದರೆ ಕೊಡವ ಮನೆತನದ, ಯಾರ್ಯಾರ ಹೆಸರಿದೆ, ಸಹಿ ಹಾಕುವವರಿಗೆ ಉಳಿದವರ ಒಪ್ಪಿಗೆ ಇದೆಯೇ ಎಂದು ನೋಡಿಕೊಳ್ಳಿ.