ಮೂಳೆ ನೋಡಿ ಎತ್ತು ಉಳುತ್ತಿತ್ತು ಅಂತ ಹೇಗೆ ಹೇಳುತ್ತಾರೆ?

ಪ್ರಶ್ನೆ: ಹಳೆಯ ನೆಲೆಗಳನ್ನು ಅಗೆದಾಗ ದನದ ಮೂಳೆ ಸಿಕ್ಕಿತು ಅಂತ ಓದುತ್ತಿರುತ್ತೇವೆ. ಆ ದನವನ್ನು ಉಳೋಕೆ ಸಾಕಿದ್ದರೋ, ಹಾಲಿಗೋ, ಮಾಂಸಕ್ಕೋ ಅಂತ ಬರೀ ಮೂಳೆ ನೋಡಿ ಹೇಗೆ ಹೇಳುತ್ತಾರೆ? ಸುಮ್ನೆ ಊಹೆ ಅಲ್ವಾ?
– ಶಿರಾ ಕಡೆಯ ಓದುಗರು

ಊಹೆ ಅಲ್ಲ. ಆದರೆ ಒಂದೇ ಒಂದು ಮೂಳೆ ಹಿಡಿದು ಯಾರೂ ಹಾಗೆ ಹೇಳುವುದೂ ಇಲ್ಲ. ಆ ಊರಿನವರು ಎಸೆದ ಮೂಳೆಗಳನ್ನೆಲ್ಲ ಒಟ್ಟು ಹಾಕಬೇಕು. ಎಷ್ಟು ಗಂಡು, ಎಷ್ಟು ಹೆಣ್ಣು, ಯಾವ್ಯಾವ ವಯಸ್ಸಿಗೆ ಸತ್ತವು ಅಂತ ನೋಡಬೇಕು. ಮಂದೆಯ ಲೆಕ್ಕ ಸಿಕ್ಕ ಮೇಲೇ ಉತ್ತರ.

ಮೊದಲು ವಯಸ್ಸಿನ ವಿಚಾರ. ಶಿವರಾತ್ರಿ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ಲ, ಅಲ್ಲಿ ಹಳ್ಳಿಕಾರ್ ಜೋಡಿಗೆ ಬೆಲೆ ಕಟ್ಟುವ ಮೊದಲು ರೈತರು ತುಟಿ ಎತ್ತಿ ಬಾಯಿ ನೋಡುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದು ಬಾಯಿಗೂಡಿದ್ದು. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೆಳಗಿನ ಎಂಟು ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುತ್ತವೆ. ಅದನ್ನೇ ಎಣಿಸುವುದು.

ಮೂಳೆ ಓದುವವರ ಕೆಲಸವೂ ಇದೇ, ಆದರೆ ಅವರಿಗೆ ಮುಂದಿನ ಹಲ್ಲು ಸಿಗುವುದು ಅಪರೂಪ. ಒಂದೇ ಬೇರಿನ ಹಲ್ಲು, ಮಣ್ಣಲ್ಲಿ ಕಳಚಿ ಹೋಗಿರುತ್ತದೆ. ಹಿಂದಿನ ದವಡೆಹಲ್ಲು ಮಾತ್ರ ಗಟ್ಟಿ ಕೂತಿರುತ್ತದೆ. ಅದನ್ನು ಮೇಲಿನಿಂದ ನೋಡಿದರೆ ಬಿಳಿ ಗೆರೆಗಳ ಬಳಸು ಕಾಣುತ್ತದೆ, ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್‌ನದು. ಹೊಸ ಹಲ್ಲಿನಲ್ಲಿ ದಿಣ್ಣೆಗಳು ಚೂಪಾಗಿರುತ್ತವೆ. ಮೇಯ್ದು ಮೇಯ್ದು ಸವೆದಂತೆ ಗೆರೆಗಳ ನಡುವಿನ ಜಾಗ ಅಗಲವಾಗುತ್ತದೆ, ಗೆರೆಗಳು ಒಂದಕ್ಕೊಂದು ಕೂಡುತ್ತವೆ, ತೀರಾ ಮುದಿ ದನದಲ್ಲಿ ಅಳಿಸಿಯೇ ಹೋಗುತ್ತವೆ. ಕೊನೆಯ ದವಡೆಹಲ್ಲು ಬರುವುದೇ ಸುಮಾರು ಎರಡು ವರ್ಷ ದಾಟಿದ ಮೇಲೆ. ಅದು ಇನ್ನೂ ಹೊರಬರದೆ ಮೂಳೆಯ ಒಳಗೇ ಇದ್ದರೆ ಸತ್ತದ್ದು ಎಳೆಯ ದನ. ಕಾಲಿನ ಮೂಳೆಯೂ ಸಾಕ್ಷಿ ಹೇಳುತ್ತದೆ. ಬೆಳೆಯುವ ಪ್ರಾಣಿಯ ಉದ್ದ ಮೂಳೆಯ ತುದಿ ಬೇರೆಯಾಗಿರುತ್ತದೆ, ಬೆಳವಣಿಗೆ ಮುಗಿದಾಗ ಬೆಸೆದುಕೊಳ್ಳುತ್ತದೆ. ಬೀಜ ಒಡೆಸಿದ ಹೋರಿಯಲ್ಲಿ ಈ ಬೆಸುಗೆ ತಡವಾಗುತ್ತದೆ, ಹಾಗಾಗಿ ಎತ್ತಿನ ಕಾಲು ಹೋರಿಯ ಕಾಲಿಗಿಂತ ಉದ್ದ.

ಈಗ ಲೆಕ್ಕಕ್ಕೆ ಬನ್ನಿ. ಹೆಚ್ಚಿನ ದನ ಮೈ ತುಂಬಿದ ಹೊತ್ತಿಗೇ, ಅಂದರೆ ಎರಡು ಮೂರು ವರ್ಷಕ್ಕೇ ಸತ್ತಿದ್ದರೆ ಮಾಂಸಕ್ಕೆ ಸಾಕಿದ ಸಾಧ್ಯತೆ ಜಾಸ್ತಿ. ಆಮೇಲೆ ಮೇವು ಹಾಕುವುದು ನಷ್ಟ, ಮೈ ಬೆಳೆಯುವುದಿಲ್ಲ. ಗಂಡು ದನಗಳು ಹಲ್ಲು ಸವೆಯುವ ತನಕ ಬದುಕಿದ್ದರೆ ಅವುಗಳಿಂದ ದುಡಿಮೆ ತೆಗೆದಿದ್ದಾರೆ ಅಂತ ಅರ್ಥ. ಹಾಲಿನ ವಿಷಯದಲ್ಲಿ ಪುಸ್ತಕದ ಸೂತ್ರ ಬೇರೆ: ಗಂಡುಕರುಗಳನ್ನು ಎಳೆಯದರಲ್ಲೇ ತೆಗೆದುಹಾಕಿ, ಹಸುಗಳನ್ನು ಮುದಿಯಾಗುವ ತನಕ ಉಳಿಸಿಕೊಳ್ಳುತ್ತಾರೆ.

ಈ ಸೂತ್ರವನ್ನು ನಮ್ಮ ಕಡೆ ಹಾಗೇ ಹಚ್ಚಬಾರದು ಅಂತ ನಾನು ಬಲವಾಗಿ ನಂಬುತ್ತೇನೆ. ನಾಟಿ ಹಸು ಕಟ್ಟಿದವರನ್ನು ಕೇಳಿ. ಕರು ಬಾಯಿ ಹಾಕದೆ ಅದು ಹಾಲು ಬಿಡುವುದೇ ಕಷ್ಟ. ಕರುವನ್ನು ಕೊಂದರೆ ಹಾಲೂ ಹೋಯಿತು. ಹಾಗಾಗಿ ಇಲ್ಲಿನ ನೆಲೆಯಲ್ಲಿ ಎಳೆಗರುವಿನ ಮೂಳೆ ಕಡಿಮೆ ಇದ್ದ ಮಾತ್ರಕ್ಕೆ ಆ ಜನ ಹಾಲು ಕರೆಯುತ್ತಿರಲಿಲ್ಲ ಅನ್ನುವಂತಿಲ್ಲ. ಈ ಕೆಲಸಕ್ಕೆ ದನದ ಸ್ವಭಾವ ಬಲ್ಲವರು ಬೇಕು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಗೆತ ನಡೆಸಿದಾಗ ಮೂಳೆಗಳನ್ನು ಪರೀಕ್ಷಿಸಿದ ಕೆ.ಆರ್. ಆಲೂರು ಅವರು ಪಶುವೈದ್ಯರಾಗಿದ್ದರು ಅನ್ನುವುದು ನನಗೆ ಬಹಳ ಸರಿ ಅನ್ನಿಸುತ್ತದೆ.

ಉಳುಮೆಗೆ ಇನ್ನೊಂದು ಗುರುತು ಪಾದದಲ್ಲಿದೆ. ವರ್ಷಗಟ್ಟಲೆ ನೊಗ ಹೊತ್ತು ಎಳೆದ ಎತ್ತಿನ ಭಾರವೆಲ್ಲ ಗೊರಸಿನ ಮೇಲಿನ ಚಿಕ್ಕ ಮೂಳೆಗಳ ಮೇಲೆ ಬೀಳುತ್ತದೆ. ಕೀಲಿನ ಅಂಚು ತುಟಿಯ ಹಾಗೆ ಹೊರಚಾಚುತ್ತದೆ, ಮೂಳೆಯ ತುದಿ ಅಗಲವಾಗುತ್ತದೆ, ಮೈಮೇಲೆ ಒರಟು ಗಂಟು ಎದ್ದಿರುತ್ತದೆ. ಬೆರಳಲ್ಲಿ ಸವರಿದರೇ ತಿಳಿಯುತ್ತದೆ. ರೊಮೇನಿಯಾದಲ್ಲಿ ದುಡಿದು ಮುದಿಯಾದ ಎತ್ತುಗಳ ಕಾಲನ್ನು ದುಡಿಯದ ಎಳೆ ಹೋರಿಗಳ ಕಾಲಿನ ಜೊತೆ ಹೋಲಿಸಿ ಈ ಗುರುತುಗಳಿಗೆ ಅಂಕ ಕೊಡುವ ಕ್ರಮವನ್ನು ಸಂಶೋಧಕರು 1997ರಲ್ಲಿ ಪ್ರಕಟಿಸಿದರು. ಆದರೆ ವಯಸ್ಸು, ಮೈತೂಕ, ಕಲ್ಲು ನೆಲ, ಇವೂ ಇಂಥದೇ ಗಂಟು ತರಬಲ್ಲವು. ಅದಕ್ಕೇ ಹಲ್ಲನ್ನೂ ಪಾದವನ್ನೂ ಒಟ್ಟಿಗೆ ನೋಡುವುದು.

ಮಾಂಸ ಕೊಯ್ದ ಗುರುತನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಕೀಲಿನ ಹತ್ತಿರ ಸಣ್ಣ, ನೇರ, ಆಳದ ಗೀರು ಇದ್ದರೆ ಚಾಕು ಇಲ್ಲವೇ ಕಲ್ಲಿನ ಅಲಗು. ನಾಯಿ ಕಡಿದದ್ದು ಬೇರೆ ಥರ. ಅಗೆಯುವಾಗ ನಮ್ಮದೇ ಗುದ್ದಲಿ ತಾಗಿದ್ದು ಬೆಳ್ಳಗೆ ಹೊಸದಾಗಿ ಕಾಣುತ್ತದೆ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ದನ ಕೊಯ್ಯುತ್ತಿದ್ದ ಜಾಗವೇ ಸಿಕ್ಕಿದೆ, ಮೂಳೆಯ ಜೊತೆ ಕಲ್ಲಿನ ಆಯುಧಗಳೂ ಇದ್ದವು. ತೆಲಂಗಾಣದ ಉತ್ನೂರಿನ ಬೂದಿದಿಬ್ಬದಲ್ಲಂತೂ (ಸಗಣಿ ಸುಟ್ಟ ಬೂದಿ ರಾಶಿಯಾದ ದಿಬ್ಬ) ದನದ ಗೊರಸಿನ ಗುರುತುಗಳೇ ಉಳಿದಿದ್ದವು. ಅದು ನವಶಿಲಾಯುಗದವರ ದೊಡ್ಡಿ.

ಅದು ನಮ್ಮ ಡುಬ್ಬದ ದನವೇ ಅಂತ ಹೇಗೆ ಗೊತ್ತು? ಡುಬ್ಬ ಬರೀ ಮಾಂಸ, ಕೊಳೆತು ಹೋಗುತ್ತದೆ. ಆದರೆ ಅದರ ಕೆಳಗಿನ ಬೆನ್ನುಮೂಳೆಗಳಲ್ಲಿ ಮೇಲಕ್ಕೆ ಎದ್ದ ಮುಳ್ಳಿನ ತುದಿ ಕೆಲವದರಲ್ಲಿ ಎರಡಾಗಿ ಸೀಳಿರುತ್ತದೆ. ಅಂಗೈಯಷ್ಟು ಚೂರು ಸಿಕ್ಕರೂ ಸಾಕು.

ಇನ್ನು ನಮ್ಮ ಜಿಲ್ಲೆಯ ಕಷ್ಟ ಮಣ್ಣು. ಕೆಂಪು ಮಣ್ಣಿನಲ್ಲಿ ಹುಳಿ ಜಾಸ್ತಿ ಇರುವ ಕಡೆ ಮೂಳೆ ಕರಗಿಹೋಗುತ್ತದೆ, ಹಲ್ಲಷ್ಟೇ ಉಳಿಯುತ್ತದೆ. ಜರಡಿ ಹಿಡಿಯದೆ ಅಗೆದರೆ ಪಾದದ ಚಿಕ್ಕ ಮೂಳೆಗಳೂ ಮಣ್ಣಿನ ಜೊತೆ ಹೊರಗೆ ಹೋಗುತ್ತವೆ, ಆಗ ಲೆಕ್ಕವೇ ಓರೆ. ನಿಮ್ಮ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಹಳೆಯ ಮಡಕೆ ಚೂರುಗಳ ಜೊತೆ ದವಡೆ ಕಂಡರೆ ಹಲ್ಲು ಕೀಳಬೇಡಿ, ತೊಳೆಯಬೇಡಿ. ಇದ್ದ ಜಾಗದಲ್ಲೇ, ಎಷ್ಟು ಆಳದಲ್ಲಿದೆ ಅಂತ ತಿಳಿಯುವ ಹಾಗೆ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.