ಬಿಳಲು ಹೆಣೆದು ಬೆಳೆಸಿದ ಸೇತುವೆ

ಚಿರಾಪುಂಜಿ, ಮೌಸಿನ್‌ರಾಮ್ ಸುತ್ತಮುತ್ತ ವರ್ಷಕ್ಕೆ ಸುಮಾರು 11,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಂಥ ಕಡೆ ಹಳ್ಳಕ್ಕೆ ಬಿದಿರಿನ ಸಂಕ ಹಾಕಿದರೆ ಕೆಲವೇ ವರ್ಷಕ್ಕೆ ಕೊಳೆತು ಹೋಗುತ್ತದೆ, ಇಲ್ಲವೇ ನೆರೆಗೆ ಕೊಚ್ಚಿ ಹೋಗುತ್ತದೆ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಜನ ಅದಕ್ಕೇ ಸೇತುವೆಯನ್ನು ಕಟ್ಟುವ ಬದಲು ಬೆಳೆಸುವುದನ್ನು ಕಲಿತರು.

ಇದಕ್ಕೆ ಬಳಸುವ ಮರ ನಮಗೆ ಹೊಸದೇನಲ್ಲ. ಬೆಂಗಳೂರಿನ ಬಾಲ್ಕನಿಗಳಲ್ಲಿ ದಪ್ಪ, ಹೊಳೆಯುವ ಎಲೆಯ ‘ರಬ್ಬರ್ ಪ್ಲಾಂಟ್’ ಇರುತ್ತದಲ್ಲ, ಅದೇ: ಫೈಕಸ್ ಎಲಾಸ್ಟಿಕಾ. ಟೈರಿನ ರಬ್ಬರ್ ಕೊಡುವ ಮರ ಬೇರೆ. ಇದು ಆಲದ ಬಳಗದ್ದು, ಆಲದ ಹಾಗೆಯೇ ಬಿಳಲು ಬಿಡುತ್ತದೆ. ದಡದ ಮರದ ಎಳೆಯ ಬಿಳಲುಗಳನ್ನು ಬಿದಿರಿನ ಚೌಕಟ್ಟಿನ ಮೇಲೋ, ಸೀಳಿ ತಿರುಳು ತೆಗೆದ ಅಡಿಕೆ ಮರದ ದಬ್ಬೆಯೊಳಗೋ ಆಚೆ ದಡಕ್ಕೆ ಸಾಗಿಸುತ್ತಾರೆ. ನಮ್ಮ ಮಲೆನಾಡಿನವರು ಮನೆಗೆ ನೀರು ಹಾಯಿಸುತ್ತಿದ್ದುದೂ ಇಂಥ ದಬ್ಬೆಯಲ್ಲೇ ಅಲ್ವಾ? ಬಿಳಲು ಆಚೆ ಮಣ್ಣಿಗೆ ಇಳಿದು ಬೇರೂರಿದ ಮೇಲೆ ದಪ್ಪವಾಗುತ್ತಾ ಹೋಗುತ್ತದೆ. ಜನ ಧೈರ್ಯವಾಗಿ ಓಡಾಡುವಂತಾಗಲು ದಶಕಗಳೇ ಬೇಕು.

ಸುಮ್ನೆ ದಪ್ಪವಾದರೆ ಸಾಲದು. ಅಸಲಿ ಕೆಲಸ ನಡೆಯುವುದು ಗಂಟುಗಳಲ್ಲಿ. ಎರಡು ಬಿಳಲುಗಳನ್ನು ಹೆಣೆದು ಬಿಟ್ಟರೆ, ಬೆಳೆಯುತ್ತಾ ಒಂದನ್ನೊಂದು ಒತ್ತುತ್ತವೆ. ನಡುವಿನ ತೊಗಟೆ ಜಜ್ಜಿಹೋಗುತ್ತದೆ. ಅದರ ಕೆಳಗಿನ ಜೀವಂತ ಪದರಗಳು ಒಂದಕ್ಕೊಂದು ತಾಗಿ ಕೂಡಿಕೊಳ್ಳುತ್ತವೆ. ಮಾವಿಗೆ ಕಸಿ ಕಟ್ಟಿದಾಗ ಆಗುವುದೂ ಇದೇ. ಅಲ್ಲಿಂದ ಮುಂದೆ ಹೊಸ ಕಟ್ಟಿಗೆ ಎರಡನ್ನೂ ಸುತ್ತಿ ಬೆಳೆಯುತ್ತದೆ. ಗಂಟಿದ್ದ ಜಾಗ ಒಂದೇ ಮರವಾಗುತ್ತದೆ. ಹೀಗೆ ಸಾವಿರ ಕಡೆ ಬೆಸೆದುಕೊಂಡ ಬಲೆಯಲ್ಲಿ ಒಂದು ಬಿಳಲು ಸತ್ತರೂ ಭಾರ ಉಳಿದವುಗಳಿಗೆ ಹಂಚಿಹೋಗುತ್ತದೆ.

ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಫರ್ಡಿನಾಂಡ್ ಲುಡ್ವಿಗ್ ಮತ್ತು ಸಂಗಡಿಗರು ಇಂಥ 74 ಸೇತುವೆಗಳನ್ನು ಅಳೆದು, ಸಾವಿರಾರು ಫೋಟೊಗಳಿಂದ ಮೂರು ಆಯಾಮದ ಮಾದರಿ ಮಾಡಿ 2019ರಲ್ಲಿ ವರದಿ ಪ್ರಕಟಿಸಿದರು. ಕೆಲವು ಸೇತುವೆಗಳ ಉದ್ದ 50 ಮೀಟರ್ ದಾಟುತ್ತದೆ. 2022ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು.

ನನಗೆ ಪಟ್ಟಿಗಿಂತ ಓಡಾಟವೇ ಮುಖ್ಯ ಅನಿಸುತ್ತದೆ. ಸೇತುವೆ ದಾಟುವ ಊರಿನವರೇ ಹೊಸ ಬಿಳಲನ್ನು ಸಂದಿಗೆ ಸಿಕ್ಕಿಸುತ್ತಾರೆ, ತೂತು ಬಿದ್ದಲ್ಲಿ ಕಲ್ಲು ತುಂಬುತ್ತಾರೆ. ನೋಂಗ್ರಿಯಾಟ್ ಹಳ್ಳಿಯ ಪ್ರಸಿದ್ಧ ಎರಡಂತಸ್ತಿನ ಬೇರಿನ ಸೇತುವೆಗೆ ಹೋಗಬೇಕಾದರೂ ಈಗ ಉಕ್ಕಿನ ತಂತಿಯ ತೂಗುಸೇತುವೆ ದಾಟಬೇಕು. ತಂತಿಯದ್ದು ಬೇಗ ಆಗುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಜನ ಆ ದಾರಿ ಹಿಡಿದರೆ ಬೇರಿನ ಸೇತುವೆಯ ಹೊಸ ಬಿಳಲುಗಳು ಹೆಣೆಯುವವರಿಲ್ಲದೆ ನೇರ ಹಳ್ಳದ ಕಡೆ ಇಳಿಯತೊಡಗುತ್ತವೆ.