ಮಾಪನ: ಕಣಕ್ಕೆ ನಿಮ್ಮ ಕಣ್ಣು ಬೇಕಿಲ್ಲ

"ನೀವು ನೋಡಿದ ಕ್ಷಣ ಕಣ ತನ್ನ ವರ್ತನೆ ಬದಲಿಸುತ್ತದೆ ಅಂತ ಕ್ವಾಂಟಂ ವಿಜ್ಞಾನವೇ ಹೇಳಿದೆ. ಹಾಗಾಗಿ ಒಳ್ಳೆಯದನ್ನೇ ಯೋಚಿಸಿ, ಒಳ್ಳೆಯದೇ ಆಗುತ್ತೆ." ಕೋಲಾರದ ವ್ಯಕ್ತಿತ್ವ ವಿಕಸನ ಶಿಬಿರವೊಂದರಲ್ಲಿ ಮೊನ್ನೆ ಈ ಮಾತಿಗೆ ಜೋರು ಚಪ್ಪಾಳೆ ಬಿತ್ತು. ವಾಟ್ಸಾಪಿನಲ್ಲಂತೂ ಇದು ಬರದ ವಾರವಿಲ್ಲ. ಮೊದಲ ವಾಕ್ಯ ಅರೆಬೆಂದದ್ದು. ಎರಡನೆಯದಕ್ಕೂ ಭೌತವಿಜ್ಞಾನಕ್ಕೂ ಸಂಬಂಧವೇ ಇಲ್ಲ.

ಶಿಬಿರದವರು "ನೋಡುವುದು" ಅನ್ನುವುದಕ್ಕೆ ಭೌತವಿಜ್ಞಾನದಲ್ಲಿ ಮಾಪನ, ಅಂದರೆ ಅಳೆಯುವುದು, ಅನ್ನುತ್ತಾರೆ. ಅದು ಆಗುವವರೆಗೆ ಕಣದ ಹಲವು ಸಾಧ್ಯತೆಗಳು ಒಟ್ಟಿಗೇ ಉಳಿದಿರುತ್ತವೆ. ಕಣವೊಂದರ ಸ್ಥಿತಿ ತನಗಿಂತ ಬಹಳ ದೊಡ್ಡ ವಸ್ತುವಿನ ಮೇಲೆ ಅಳಿಸಲಾಗದ ಗುರುತು ಬಿಟ್ಟರೆ ಮಾಪನ ಆಯಿತು. ಆ ಗುರುತನ್ನು ಯಾರಾದರೂ ಓದಲೇಬೇಕೆಂಬ ನಿಯಮವಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಬೇಸರ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ತಂಡಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ, ಬಹುತೇಕ ಯಾವುದಕ್ಕೂ ತಾಗದೆ ಸಾಗುವ ನ್ಯೂಟ್ರಿನೊ ಎಂಬ ಕಣಗಳ ಜಾಡು ಹಿಡಿದರು. ನ್ಯೂಟ್ರಿನೊ ಬಂಡೆಗೆ ಬಡಿದಾಗ ಮ್ಯುಆನ್ ಎಂಬ ವಿದ್ಯುದಾವೇಶವಿರುವ ಕಣ ಹೊರಡುತ್ತದೆ. ಅದು ಹಾದುಹೋದ ದಾರಿಯಲ್ಲಿ ನಿಯಾನ್ ಕೊಳವೆಗಳು ಮಿನುಗುತ್ತವೆ. ಕ್ಯಾಮೆರಾ ಅದನ್ನು ಫಿಲ್ಮಿಗೆ ಇಳಿಸುತ್ತದೆ. ಫಿಲ್ಮ್ ತೊಳೆದು ನೋಡುವುದು ಆಮೇಲಿನ ಮಾತು. ಮನುಷ್ಯ ನೋಡಿದರೇ ಮಾಪನ ಅನ್ನುವುದಾದರೆ, ಅಲ್ಲಿಯವರೆಗೂ ಆ ಕೊಳವೆಗಳು ಹೊತ್ತಿಯೂ ಹೊತ್ತದೆಯೂ ಇದ್ದವು ಅಂತ ಒಪ್ಪಬೇಕು. ಆ ಗಣಿಗೆ ಇಳಿದು ದುಡಿದ ಯಾರಿಗಾದರೂ ಹೀಗೆ ಹೇಳಿ ನೋಡಿ!

ಅನುಮಾನ ಉಳಿದವರಿಗೆ 2004ರ ವಿಯೆನ್ನಾ ಪ್ರಯೋಗವಿದೆ. 70 ಇಂಗಾಲ ಪರಮಾಣುಗಳ ಅಣುಗಳು ಹೆಚ್ಚು ಕಾಯದಿದ್ದಾಗ ಅಲೆಗಳಂತೆ ವ್ಯತಿಕರಣದ (ಅಲೆಗಳು ಒಂದರ ಮೇಲೊಂದು ಬಿದ್ದಾಗ ಮೂಡುವ) ಪಟ್ಟಿ ಮೂಡಿಸುತ್ತವೆ. ಲೇಸರಿನಿಂದ ಕಾಯಿಸಿದಷ್ಟೂ ಪಟ್ಟಿ ಮಸುಕಾಗುತ್ತ ಹೋಗಿ ಕೊನೆಗೆ ಮಾಯವಾಯಿತು. ಕಾದ ಅಣು ಬೆಳಕು ಸೂಸುತ್ತದೆ, ಆ ಬೆಳಕಿನ ಜೊತೆ ಅಣು ಎಲ್ಲಿತ್ತೆಂಬ ಸುಳಿವೂ ಹೊರಬೀಳುತ್ತದೆ. ಆ ಬೆಳಕನ್ನು ಹಿಡಿಯಲು ಯಾರೂ ಕಾದು ಕೂತಿರಲಿಲ್ಲ. ಸುಳಿವು ಹೀಗೆ ಸುತ್ತಲಿಗೆ ಸೋರಿ ವ್ಯತಿಕರಣ ಅಳಿಯುವುದಕ್ಕೆ ಡಿಕೊಹೆರೆನ್ಸ್ ಅನ್ನುತ್ತಾರೆ.

ಮಾಪನಕ್ಕೆ ನೋಡುವವನ ಪ್ರಜ್ಞೆ ಬೇಕೆಂಬ ಮಾತನ್ನು ಪೂರ್ತಿ ಶಿಬಿರದವರೇ ಹುಟ್ಟಿಸಿದ್ದಲ್ಲ, ನಿಜ. 1961ರಲ್ಲಿ ಭೌತವಿಜ್ಞಾನಿ ಯುಜೀನ್ ವಿಗ್ನರ್ ಅಂಥದ್ದನ್ನು ಗಂಭೀರವಾಗಿಯೇ ಮುಂದಿಟ್ಟರು. ಮುಂದೆ ಅವರೇ ಅದನ್ನು ಕೈಬಿಟ್ಟರು. ಈ ಎರಡನೇ ಭಾಗ ಮಾತ್ರ ಯಾವ ಫಾರ್ವರ್ಡಿನಲ್ಲೂ ಬರುವುದಿಲ್ಲ. ಹೋಗಲಿ, ವಾದಕ್ಕೆ ಪ್ರಜ್ಞೆ ಬೇಕೆಂದೇ ಇಟ್ಟುಕೊಳ್ಳೋಣ. ಆಗಲೂ ಯಾವ ಫಲಿತಾಂಶ ಬರಬೇಕೆಂದು ಆರಿಸುವ ಅಧಿಕಾರ ನೋಡುವವನಿಗಿಲ್ಲ. 1926ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೊಟ್ಟ ನಿಯಮ ಯಾವ ಫಲಿತಾಂಶಕ್ಕೆ ಎಷ್ಟು ಸಂಭವನೀಯತೆ ಎಂದಷ್ಟೇ ಹೇಳುತ್ತದೆ. ಅದರಲ್ಲಿ ನಿಮ್ಮ ಸಂಕಲ್ಪಕ್ಕೆ ಜಾಗವಿಲ್ಲ.

(ಹೈಸೆನ್‌ಬರ್ಗ್ ಅವರ ಅನಿಶ್ಚಿತತಾ ತತ್ತ್ವವನ್ನೂ ಇದಕ್ಕೇ ಗಂಟು ಹಾಕುವವರಿದ್ದಾರೆ. ಅದು ಬೇರೆ ವಿಷಯ. ಮುಟ್ಟಿದ್ದರಿಂದ ಕಣ ಕದಲಿತು ಎಂಬುದಷ್ಟೇ ಅದರ ಅರ್ಥವಲ್ಲ. ಸ್ಥಾನ, ಸಂವೇಗ (ರಾಶಿ ಮತ್ತು ವೇಗದ ಗುಣಲಬ್ಧ) ಎರಡೂ ಒಟ್ಟಿಗೆ ನಿಖರವಾಗಿರುವ ಸ್ಥಿತಿಯೇ ಇಲ್ಲ.)

ನಿಜವಾದ ತೊಡಕು ಇರುವುದು ಬೇರೆ ಕಡೆ. ವ್ಯತಿಕರಣ ಯಾಕೆ ಅಳಿಯುತ್ತದೆ ಅನ್ನುವುದನ್ನು ಡಿಕೊಹೆರೆನ್ಸ್ ವಿವರಿಸುತ್ತದೆ. ಸಾಧ್ಯವಿದ್ದ ಹಲವು ಫಲಿತಾಂಶಗಳಲ್ಲಿ ಇದೇ ಒಂದು ಯಾಕೆ ಬಂತು ಅಂದರೆ ಅದರ ಬಳಿ ಉತ್ತರವಿಲ್ಲ. ಎಲ್ಲವೂ ಬಂದವು, ಬೇರೆ ಬೇರೆ ಕವಲುಗಳಲ್ಲಿ ಅನ್ನುತ್ತದೆ ಭೌತವಿಜ್ಞಾನಿ ಎವರೆಟ್ 1957ರಲ್ಲಿ ಮುಂದಿಟ್ಟ ವಾದ. ವಸ್ತು ದೊಡ್ಡದಾದಂತೆ ಹಲವು ಸಾಧ್ಯತೆಗಳ ಅಲೆ ತನಗೆ ತಾನೇ ಒಂದೇ ಫಲಿತಾಂಶಕ್ಕೆ ಕುಸಿಯುತ್ತದೆ ಅನ್ನುವವರೂ ಇದ್ದಾರೆ. ನನಗೆ ಈ ಎರಡನೆಯವರೇ ಇಷ್ಟ, ಯಾಕೆಂದರೆ ಅವರ ಮಾತನ್ನು ಒರೆಗೆ ಹಚ್ಚಬಹುದು. ಅಂಥ ಕುಸಿತದಲ್ಲಿ ಹೊಮ್ಮಬೇಕಿದ್ದ ಮಂದ ವಿಕಿರಣವನ್ನು ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಡಿಯ ಪ್ರಯೋಗಾಲಯದಲ್ಲಿ ಹುಡುಕಿದರು. ಸಿಗಲಿಲ್ಲ. ಇಂಥ ಕುಸಿತಕ್ಕೆ ಗುರುತ್ವವೇ ಕಾರಣ ಅನ್ನುವ ಡಿಯೋಸಿ–ಪೆನ್‌ರೋಸ್ ಮಾದರಿಯ ಅತಿ ಸರಳ ರೂಪ 2020ರಲ್ಲಿ ಬಿದ್ದುಹೋಯಿತು.